ತಕ್ಕಡಿಯ ಮುಖ ಯಾರ ಕಡೆಗಿದೆ

ಕಾಫಿ ತೋಟವೊಂದರ ಯಜಮಾನಿಕೆ ಹೇಗಿದೆ ಅಂತ ತಿಳಿಯಬೇಕಾದರೆ ಬಂಗಲೆಗೆ ಹೋಗಬೇಡಿ. ಜನವರಿಯ ಯಾವುದಾದರೂ ಒಂದು ಸಂಜೆ, ನಾಲ್ಕರ ಹೊತ್ತಿಗೆ, ತೋಟದ ರಸ್ತೆಯಲ್ಲಿ ಹಣ್ಣು ತೂಗುವ ಜಾಗಕ್ಕೆ ಹೋಗಿ ನಿಲ್ಲಿ. ಸಿಲ್ವರ್ ಮರದ ಕೊಂಬೆಗೋ, ಮೂರು ಕಂಬ ಕಟ್ಟಿ ನಿಲ್ಲಿಸಿದ ಮುಕ್ಕಾಲಿಗೋ ತಕ್ಕಡಿ ತೂಗುಹಾಕಿರುತ್ತಾರೆ. ಮೊದಲೆಲ್ಲ ಮುಳ್ಳಿನ ತಕ್ಕಡಿ, ಈಗ ಬ್ಯಾಟರಿಯದ್ದು, ಕೆಂಪು ಅಂಕಿ ಬರುವಂಥದ್ದು. ಆ ಅಂಕಿ ಯಾರ ಕಡೆ ಮುಖ ಮಾಡಿದೆ ನೋಡಿ. ಪುಸ್ತಕ ಹಿಡಿದು ಲೆಕ್ಕ ಬರೆಯುವ ರೈಟರ ಕಡೆಗೋ, ಚೀಲ ಹೊತ್ತು ತಂದವರ ಕಡೆಗೋ? ಅಷ್ಟು ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ.

ನಾನು ಕೊಡಗಿನ ಸಿದ್ದಾಪುರದ ಆಸುಪಾಸಿನ ತೋಟಗಳಲ್ಲಿ ರೈಟರಾಗಿ ಶುರು ಮಾಡಿ, ಈಗ ಮ್ಯಾನೇಜರ್ ಅನ್ನಿಸಿಕೊಂಡವನು. ಈ ಕಡೆಯ ರೆಸಾರ್ಟುಗಳಿಗೆ ಬೆಂಗಳೂರಿನ ಕಂಪನಿಗಳವರು ತರಬೇತಿ ಅಂತ ಬರುತ್ತಾರೆ. ಅಂಥ ಒಂದು ತಂಡದ ಜೊತೆ ಬಂದಿದ್ದ ನಮ್ಮ ಅಕ್ಕನ ಮಗ ಸಂಜೆ ಕಾಫಿಗೆ ಮನೆಗೆ ಬಂದಿದ್ದ. "ಮಾವ, ಮೌಲ್ಯ ಇಟ್ಟುಕೊಂಡು ತಂಡ ನಡೆಸೋದು ಹೇಗೆ ಅಂತ ಇವತ್ತು ಇಡೀ ದಿನ ಅದೇ ಪಾಠ" ಅಂದ. ಗೋಡೆಗೆ ಅಂಟಿಸಿದ ಬಣ್ಣಬಣ್ಣದ ಚೀಟಿಗಳ ಫೋಟೊ ತೋರಿಸಿದ. ಪ್ರಾಮಾಣಿಕತೆ, ಗೌರವ, ಪಾರದರ್ಶಕತೆ ಎಲ್ಲವೂ ಅಲ್ಲಿತ್ತು. "ಇದನ್ನೆಲ್ಲ ನಿಮ್ಮ ದೊಡ್ಡ ಸಾಹೇಬರು ಪಾಲಿಸ್ತಾರೋ ಇಲ್ಲವೋ ಅಂತ ನೋಡೋರು ಯಾರಪ್ಪ?" ಅಂತ ಕೇಳಿದೆ. ನಕ್ಕ. ಅವನು ನಕ್ಕಿದ್ದರಲ್ಲಿ ತಪ್ಪೇನಿಲ್ಲ, ಅಂಥ ಪ್ರಶ್ನೆಗೆ ತರಬೇತಿಯಲ್ಲಿ ಜಾಗ ಇರುವುದಿಲ್ಲ. ಆದರೆ ನನಗೆ ಗೊತ್ತಿರುವ ಮಟ್ಟಿಗೆ ವಿಷಯ ಇರುವುದೇ ಅಲ್ಲಿ. ಮೇಲಿರುವವನು ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ, ಕೆಳಗಿರುವವರು ಅವನನ್ನು ಪರೀಕ್ಷೆ ಮಾಡಿ ನೋಡಲು ಅವನು ದಾರಿ ಬಿಟ್ಟಿದ್ದಾನೋ ಇಲ್ಲವೋ ಅನ್ನುವುದು ಮುಖ್ಯ.

ತೂಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೊಬಸ್ಟಾ ಜಾತಿಯ ಕಾಫಿಯ ಕುಯ್ಲು ಡಿಸೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ. ದಿನಗೂಲಿಗಿಂತ ಕಿಲೋ ಲೆಕ್ಕದ ಕುಯ್ಲೇ ಹೆಚ್ಚು. ಗಿಡದ ಬುಡಕ್ಕೆ ಟಾರ್ಪಾಲು ಹಾಸಿ, ರೆಕ್ಕೆಯಿಂದ, ಅಂದರೆ ಅಡ್ಡ ಕೊಂಬೆಯಿಂದ, ಹಣ್ಣು ಎಳೆದು ಉದುರಿಸಿ, ಎಲೆ ಕಸ ಆರಿಸಿ ಚೀಲಕ್ಕೆ ತುಂಬುತ್ತಾರೆ. ಕೈ ಚುರುಕಿದ್ದವರು ದಿನಕ್ಕೆ 100 ಕಿಲೋ ದಾಟಿಸುತ್ತಾರೆ. ಸಂಜೆ ತೂಗುವಾಗ 'ಕಳೆತ' ಅಂತ ಒಂದಿಷ್ಟು ಕಡಿಯುವುದು ಹಳೆಯ ಪದ್ಧತಿ. ಚೀಲದ ತೂಕ, ಎಲೆ, ಮಂಜಿನ ನೀರು ಅಂತ ಅದಕ್ಕೆ ಹೆಸರು.

ನಾನು ಹಿಂದೆ ಇದ್ದ ಒಂದು ತೋಟದಲ್ಲಿ, ಹೆಸರು ಬೇಡ, ಚೀಲಕ್ಕೆ 2 ಕಿಲೋ ಕಳೆಯಿರಿ ಅಂತ ಬಾಯಿಮಾತಿನ ಹುಕುಂ ಇತ್ತು. ಗೊಬ್ಬರ ಬಂದ ಖಾಲಿ ಪ್ಲಾಸ್ಟಿಕ್ ಚೀಲವನ್ನು ತೂಗಿ ನೋಡಿದರೆ ಕಾಲು ಕಿಲೋ ಕೂಡ ಬರುವುದಿಲ್ಲ. 50 ಕಿಲೋದಲ್ಲಿ 2 ಕಿಲೋ ಅಂದರೆ ನೂರಕ್ಕೆ ನಾಲ್ಕು. ಅಂದರೆ 25 ದಿನ ಕುಯ್ದವಳು ಅದರಲ್ಲಿ ಒಂದು ದಿನ ಪುಕ್ಕಟೆ ಕುಯ್ದ ಹಾಗೆ. ಹೀಗೆ ಲೆಕ್ಕ ಹಾಕಿ ಹೇಳಿದರೆ ಯಾವ ಸಾಹುಕಾರರಿಗೂ ಮುಜುಗರ ಆಗುತ್ತದೆ. ಆದರೆ ಯಾರೂ ಹೀಗೆ ಲೆಕ್ಕ ಹಾಕುವುದಿಲ್ಲ. ಚೀಲಕ್ಕೆ ಎರಡೇ ಕಿಲೋ ತಾನೆ ಅನ್ನುತ್ತಾರೆ. ಅದೂ ಬರೆಯುವಾಗಲೇ ಕಳೆದು ಬರೆಯುವುದರಿಂದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನಲ್ಲಿ, ಪುಸ್ತಕದಲ್ಲಿ ಎಲ್ಲಿಯೂ ಅದರ ಗುರುತು ಉಳಿಯುವುದಿಲ್ಲ. ಯಾರ ಕೈಬರಹ? ರೈಟರದ್ದು. ಸಾಹುಕಾರರು ದೇವಸ್ಥಾನದ ಸಮಿತಿಯಲ್ಲಿ ನೆಮ್ಮದಿಯಾಗಿ ಕೂತಿರಬಹುದು.

ಈಗ ಇರುವ ತೋಟದ ಯಜಮಾನಿಯನ್ನು ಎಲ್ಲರೂ ಅಮ್ಮ ಅಂತಲೇ ಕರೆಯುವುದು. ಎಪ್ಪತ್ತು ದಾಟಿದವರು. ನಾನು ಸೇರಿದ ವರ್ಷದ ಕುಯ್ಲಿನ ಮೊದಲ ದಿನ ತೂಗುವ ಜಾಗಕ್ಕೆ ಜೀಪಿನಲ್ಲಿ ಬಂದು ಇಳಿದರು. ಸ್ವಲ್ಪ ಹೊತ್ತು ನೋಡಿದರು. "ರೈಟ್ರೇ, ಅದನ್ನ ಆ ಕಡೆ ತಿರುಗಿಸಿ" ಅಂದರು.

"ನನಗೆ ಕಾಣೋದಿಲ್ವಲ್ಲಮ್ಮ" ಅಂದೆ.

"ನೀವು ಈ ಕಡೆ ಬನ್ನಿ. ಅವರ ಪಕ್ಕ ನಿಂತ್ಕೊಂಡು ಬರೀರಿ."

ಹಾಗೆ ಶುರುವಾಯಿತು. ಆಮೇಲೆ ಒಂದೊಂದೇ ಸೇರಿತು. ದಿನಾ ತೂಕ ಶುರು ಮಾಡುವ ಮೊದಲು ಎಲ್ಲರ ಎದುರಿಗೆ ಖಾಲಿ ಚೀಲ ತೂಗುವುದು, ಎಷ್ಟು ಬಂತೋ ಅಷ್ಟೇ ಕಳೆಯುವುದು. ಎಲೆ ಜಾಸ್ತಿ ಇದ್ದರೆ ಕಡಿಯುವ ಬದಲು ಚೀಲ ಸುರಿದು ಆರಿಸಿಕೊಂಡು ಬನ್ನಿ ಅನ್ನುವುದು. ಅಂಕಿಯನ್ನು ಒಬ್ಬರು ಗಟ್ಟಿಯಾಗಿ ಕೂಗುವುದು, ಅದೂ ಆಳುಗಳ ಪೈಕಿಯವರೇ. ಈಗ ಕುಯ್ಲಿಗೆ ಅಸ್ಸಾಮಿನವರೂ ಬರುವುದರಿಂದ ಕೂಗುವ ಹುಡುಗ "ನಲವತ್ತೆಂಟೂವರೆ, ಸಾಡೇ ಅಡ್ತಾಲೀಸ್" ಅಂತ ಎರಡರಲ್ಲೂ ಕೂಗುತ್ತಾನೆ. ಬರೆದ ಮೇಲೆ ಒಂದು ಚೀಟಿ ಅವರ ಕೈಗೆ, ಅದೇ ಅಂಕಿ ನನ್ನ ಪುಸ್ತಕದಲ್ಲಿ. ಶನಿವಾರದ ಬಟವಾಡೆಗೆ ಅವರು ಚೀಟಿ ತಂದು ಮೇಜಿನ ಮೇಲೆ ಹರಡುತ್ತಾರೆ. ಕೆಲವರದ್ದು ಬೆವರಿಗೆ ಒದ್ದೆಯಾಗಿ ಅಂಕಿ ಅಳಿಸಿರುತ್ತದೆ, ಆಗ ಪುಸ್ತಕ ನೋಡುವುದು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಹಾಕಿಸಲೇಬೇಕು. ಅದನ್ನೂ ಅಮ್ಮ ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ.

ಇದರಿಂದ ಜನ ಖುಷಿಯಾಗಿ, ತೋಟದಲ್ಲಿ ಶಾಂತಿ ನೆಲೆಸಿತು ಅಂತ ನೀವು ಅಂದುಕೊಂಡರೆ, ಇಲ್ಲ. ಮೊದಲ ವಾರ ಜಗಳ ಜಾಸ್ತಿಯಾಯಿತು. ಅಲ್ಲಿಯವರೆಗೆ ಕಾಣದೇ ಇದ್ದದ್ದು ಕಾಣತೊಡಗಿದರೆ ಕೇಳದೆ ಇರುತ್ತಾರೆಯೇ? ಅಂಕಿ ಅಲುಗಾಡಿ ನಿಲ್ಲುವವರೆಗೆ ಕಾಯಿರಿ ಅನ್ನುವವರು, ಮತ್ತೊಮ್ಮೆ ತೂಗಿ ಅನ್ನುವವರು, ನಿನ್ನೆಯ ಚೀಟಿ ತಂದು ತೋರಿಸುವವರು. ಐದು ಗಂಟೆಗೆ ಮುಗಿಯಬೇಕಾದ ತೂಕ ಕತ್ತಲೆ ಆಗುವವರೆಗೆ ಎಳೆಯಿತು. ಸಿದ್ದಾಪುರದ ಕಡೆ ಕತ್ತಲೆ ಅಂದರೆ ಆನೆ ಅಂತ ಅರ್ಥ, ಹಾಗಾಗಿ ಅದೇನು ಸಣ್ಣ ತೊಂದರೆಯಲ್ಲ. ಅಮ್ಮನಿಗೇ ಸಿಟ್ಟು ಬಂತು. "ಇವರಿಗೆ ಒಳ್ಳೇದು ಮಾಡೋಕೆ ಹೋದ್ರೆ ನಮ್ಮನ್ನೇ ಕಳ್ಳರ ಥರ ನೋಡ್ತಾರಲ್ಲ" ಅಂದರು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ತೂಕವನ್ನು ಅರ್ಧ ಗಂಟೆ ಮೊದಲೇ ಶುರು ಮಾಡಿಸಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ತಕ್ಕಡಿ ತಿರುಗಿಸಿದ ದಿನವಲ್ಲ, ಸಿಟ್ಟು ಬಂದ ಮೇಲೂ ಅದನ್ನು ಮತ್ತೆ ಈ ಕಡೆ ತಿರುಗಿಸದೇ ಇದ್ದಾಗ.

ಹಾಗಂತ ಅಮ್ಮನನ್ನು ದೇವಿ ಮಾಡುವ ಆಸೆ ನನಗಿಲ್ಲ. ಆಳುಗಳು ಇರುವ ಲೈನ್‌ಮನೆಯ ಹಂಚು ಬದಲಿಸಿ ಅಂದರೆ ಎರಡು ಮಳೆಗಾಲ ಕಾಯಿಸುವವರು. ಗಂಡಾಳು, ಹೆಣ್ಣಾಳು ಅಂತ ಬೇರೆ ಬೇರೆ ಕೂಲಿ ಕೊಡಬಾರದು ಅಂತ 1976ರಲ್ಲೇ ಸಮಾನ ವೇತನದ ಕಾಯಿದೆ ಬಂದಿತ್ತು. ಕಿಲೋ ಲೆಕ್ಕದ ಕುಯ್ಲಿನಲ್ಲಿ ಆ ಪ್ರಶ್ನೆ ಏಳುವುದಿಲ್ಲ, ಕಿಲೋಗೆ ಗಂಡು ಹೆಣ್ಣು ಇಲ್ಲ. ಆದರೆ ಮಳೆಗಾಲದ ದಿನಗೂಲಿಯಲ್ಲಿ, ಗೊಬ್ಬರ ಹಾಕುವಾಗ, ಕಸಿ ಮಾಡುವಾಗ ಹಳೆಯ ಎರಡು ರೇಟು ಎಷ್ಟೋ ತೋಟಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ನಮ್ಮಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಒಂದೇ ರೇಟು ಮಾಡಿಸುವ ಹೊತ್ತಿಗೆ ನನಗೆ ಸಾಕುಸಾಕಾಯಿತು. ಒಂದು ವಿಷಯದಲ್ಲಿ ನೆಟ್ಟಗಿರುವವರು ಇನ್ನೊಂದರಲ್ಲಿ ಕುರುಡಾಗಿರುತ್ತಾರೆ, ಮೇಲಿರುವವರ ಬಗ್ಗೆ ಮಾತಾಡುವಾಗ ಇದನ್ನು ನೆನಪಿಟ್ಟುಕೊಂಡರೆ ಭ್ರಮನಿರಸನ ಕಡಿಮೆ.

ಬೆಳೆಗಾರರಿಗೆ ಈ ತಕ್ಕಡಿ ವಿಷಯ ಬೇಗ ಅರ್ಥವಾಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅವರೂ ಇನ್ನೊಬ್ಬರ ತಕ್ಕಡಿಯ ಎದುರು ನಿಲ್ಲುವವರೇ. ಕಣದಲ್ಲಿ ಒಣಗಿಸಿದ ಚೆರಿ ಕಾಫಿಯನ್ನು ಮಾರುವುದು 50 ಕಿಲೋ ಚೀಲದ ಲೆಕ್ಕದಲ್ಲಿ, ಆದರೆ ರೇಟು ಕಟ್ಟುವುದು ಔಟ್‌ಟರ್ನ್ ಮೇಲೆ. ಆ ಚೀಲವನ್ನು ಸಿಪ್ಪೆ ತೆಗೆಯುವ ಹಲ್ಲರಿಗೆ ಹಾಕಿದರೆ ಎಷ್ಟು ಕಿಲೋ ಬೀಜ ಬರುತ್ತದೋ ಅದೇ ಔಟ್‌ಟರ್ನ್, ಅಂದರೆ ಓಟಿ. 26 ಬಂದರೆ ಒಂದು ದುಡ್ಡು, 28 ಬಂದರೆ ಇನ್ನೊಂದು. ರೊಬಸ್ಟಾ ಚೆರಿಗೆ ತೇವಾಂಶ 11 ಪರ್ಸೆಂಟ್ ಒಳಗಿರಬೇಕು. ಸ್ಯಾಂಪಲ್ ತೆಗೆಯುವವನು ವ್ಯಾಪಾರಿ, ಮೀಟರು ವ್ಯಾಪಾರಿಯದ್ದು, "ಸ್ವಲ್ಪ ಹಸಿ ಇದೆ ಸಾರ್" ಅನ್ನುವವನೂ ಅವನೇ. ಆ ಮೀಟರಿನ ಬಗ್ಗೆ ಬೈಯದ ಬೆಳೆಗಾರನನ್ನು ನಾನು ಕಂಡಿಲ್ಲ. ಕಾಫಿ ಬೋರ್ಡು ಎಲ್ಲರ ಕಾಫಿಯನ್ನೂ ಸೇರಿಸಿ ಮಾರುತ್ತಿದ್ದ ಪೂಲ್ ಇದ್ದ ಕಾಲದವರು ಇನ್ನೂ ಹಳೆಯ ಕಥೆ ಹೇಳುತ್ತಾರೆ: ಬೆಳೆದದ್ದನ್ನೆಲ್ಲ ಪೂಲಿಗೆ ಕೊಟ್ಟು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು ಬರೆದ ಪಾಯಿಂಟಿನ ಮೇಲೆ ಕಂತುಕಂತಾಗಿ ದುಡ್ಡು ಬರುವುದಕ್ಕೆ ಕಾಯುವುದು. 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬರುವವರೆಗೂ ಯಾರೋ ಎಲ್ಲೋ ಬರೆದ ಅಂಕಿಯನ್ನು ನಂಬಿಯೇ ಸಂಸಾರ ಮಾಡಿದವರು ಅವರು. ತಮಗೆ ಕಾಣದ ಅಂಕಿಯ ಸಂಕಟ ಇಷ್ಟು ಚೆನ್ನಾಗಿ ಗೊತ್ತಿರುವವರೇ ಸಂಜೆ ನಾಲ್ಕಕ್ಕೆ ಅಂಕಿಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವುದು ನನಗೆ ಯಾವತ್ತೂ ಅರ್ಥವಾಗದ ಸೋಜಿಗ.

ರೇಟು ಏರಿದಾಗ ಬೇರೆ ಥರದ ಪರೀಕ್ಷೆ ಬಂತು. 2024ರ ಬೇಸಿಗೆಯಲ್ಲಿ ರೊಬಸ್ಟಾ ಚೆರಿ ಚೀಲಕ್ಕೆ 10,000 ರೂಪಾಯಿ ದಾಟಿತು. ಅಂಥ ದಿನ ನೋಡುತ್ತೇವೆ ಅಂತ ಯಾರೂ ಎಣಿಸಿರಲಿಲ್ಲ. ಕುಯ್ಲಿಗೆ ಮೊದಲೇ ಮುಂಗಡ ತೆಗೆದುಕೊಂಡು ವ್ಯಾಪಾರಿಗೆ ರೇಟು ಮಾತಾಡಿಬಿಟ್ಟಿದ್ದವರ ಪಾಡು ಕೇಳಬೇಡಿ. ಕೆಲವರು ಮಾತಿಗೆ ನಿಂತರು, ಕೆಲವರು ಫೋನ್ ಎತ್ತುವುದನ್ನೇ ಬಿಟ್ಟರು. ಅಮ್ಮ ಮಾತಾಡಿದಷ್ಟು ಚೀಲವನ್ನು ಮಾತಾಡಿದ ರೇಟಿಗೇ ಕೊಟ್ಟರು. ಮೆಚ್ಚಿದೆ. ಆದರೆ ಆ ಹೊತ್ತಿನಲ್ಲೇ ನನಗೆ ಅನ್ನಿಸಿದ್ದನ್ನೂ ಹೇಳಬೇಕು. ದೊಡ್ಡ ತೋಟದವರಿಗೆ ಮಾತು ಉಳಿಸಿಕೊಳ್ಳುವುದು ಸುಲಭ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿನ ಒಳಗಿನವರು. ಎರಡು ಎಕರೆಯವನು, ಬ್ಯಾಂಕ್ ಸಾಲ ಇಟ್ಟುಕೊಂಡವನು, ಮಗಳ ಫೀಸು ಕಟ್ಟಬೇಕಾದವನು ಇಪ್ಪತ್ತು ಚೀಲವನ್ನು ಅರ್ಧ ರೇಟಿಗೆ ಕೊಟ್ಟರೆ ಅವನ ಮನೆಯ ಒಂದು ವರ್ಷವೇ ಹೋಗುತ್ತದೆ. ಅವನು ಫೋನ್ ಎತ್ತದಿದ್ದರೆ ನಾನು ಅವನನ್ನು ನಿಯತ್ತಿಲ್ಲದವನು ಅನ್ನಲಾರೆ. ಅವನ ಹತ್ತಿರ ಕಷ್ಟದ ರೇಟಿಗೆ ಮಾತು ತೆಗೆದುಕೊಂಡವನ ನಿಯತ್ತನ್ನೂ ಕೇಳಬೇಕಲ್ಲ.

ಅದೇ ವರ್ಷ ಇನ್ನೊಂದು ಪ್ರಶ್ನೆ ಎದ್ದಿತು. ಚೀಲದ ರೇಟು ಹೀಗೆ ನೆಗೆದಾಗ ಕುಯ್ಯುವವರ ಕಿಲೋ ರೇಟು ಎಷ್ಟು ಏರಬೇಕು? ಯಾವ ಕಾಯಿದೆಯೂ ಇದನ್ನು ಹೇಳುವುದಿಲ್ಲ. ಕನಿಷ್ಠ ಕೂಲಿಯ ಕೆಳಗೆ ಹೋಗಬಾರದು, ಅಷ್ಟೇ. ಪಕ್ಕದ ತೋಟದವರು ಏರಿಸದೆ ನಾವು ಏರಿಸಿದರೆ ಅವರು ನಮ್ಮ ಮೇಲೆ ಸಿಟ್ಟಾಗುತ್ತಾರೆ. ಅವರು ಮದುವೆ ಮನೆಯಲ್ಲಿ ಸಿಗುವವರು, ಸಾವಿಗೆ ಬರುವವರು. ಊರೊಳಗೆ ಮೌಲ್ಯ ಉಳಿಸಿಕೊಳ್ಳುವುದರ ನಿಜವಾದ ಖರ್ಚು ಇದು, ರೂಪಾಯಿ ಲೆಕ್ಕಕ್ಕೆ ಸಿಗದ ಖರ್ಚು. ನಮ್ಮಲ್ಲಿ ಸ್ವಲ್ಪ ಏರಿಸಿದೆವು. ಸಾಕಾಗುವಷ್ಟು ಅಂತ ನಾನು ಹೇಳುವುದಿಲ್ಲ.

ಆನೆಯ ವಿಷಯ ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟದ ಕಡೆ ತೋಟಗಳೊಳಗೆ ಆನೆ ದಿನ ಕಳೆಯುವುದು ಈಗ ಹೊಸ ಸುದ್ದಿಯಲ್ಲ. ಅರಣ್ಯ ಇಲಾಖೆಯವರ ಸಂದೇಶ ಮೊಬೈಲಿಗೆ ಬರುತ್ತದೆ, ಬೇಕಾದರೆ ಇಲಾಖೆಯ ತುರ್ತು ತಂಡ ಆರ್‌ಆರ್‌ಟಿಯವರು ಬಂದು ಓಡಿಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ಆಳುಗಳು ಬಂದು ನಿಂತಿರುತ್ತಾರೆ, ವಾಚರ್ ಬಂದು "ಮೂರನೇ ಬ್ಲಾಕಲ್ಲಿ ಲದ್ದಿ ಬಿಸಿ ಇದೆ" ಅನ್ನುತ್ತಾನೆ. ಆಗ ಎರಡು ಗಂಟೆ ಕಾಯಬೇಕು. ಈ ಎರಡು ಗಂಟೆ ಯಾರದ್ದು? ಕಿಲೋ ಲೆಕ್ಕದವರಿಗೆ ಕಾಯುವುದೆಂದರೆ ನಷ್ಟ, ಅದಕ್ಕೇ "ಪರವಾಗಿಲ್ಲ ಸಾರ್, ನಾವು ಹೋಗ್ತೀವಿ" ಅನ್ನುವವರು ಅವರೇ. "ಅವರೇ ಹೋಗ್ತೀವಿ ಅಂದ್ರು" ಅಂತ ಆಮೇಲೆ ಹೇಳುವುದು ಮ್ಯಾನೇಜರಿಗೆ ಎಷ್ಟು ಸುಲಭ ನೋಡಿ. ಕಾಯುವ ಹೊತ್ತಿಗೆ ದಿನಗೂಲಿಯ ಲೆಕ್ಕದಲ್ಲಿ ದುಡ್ಡು ಕೊಡುವುದು ಅಂತ ಮಾಡಿದ ಮೇಲೆ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ಜೀವಕ್ಕೆ ಬೆಲೆ ಕೊಡಿ ಅಂತ ಬೋರ್ಡು ಬರೆಸಿ ಹಾಕಿದ್ದರೆ ಅದು ಆಗುತ್ತಿರಲಿಲ್ಲ.

ಕೊಡಗಿನಲ್ಲಿ ಈ ಮಾತೆಲ್ಲ ಎಲ್ಲಿ ಶುರುವಾದರೂ ಕೊನೆಗೆ ಸೈನ್ಯಕ್ಕೆ ಹೋಗಿ ಮುಟ್ಟುತ್ತದೆ. ಸಭೆಯಲ್ಲಿ ಯಾರಾದರೂ ಎದ್ದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕಥೆ ಹೇಳಿಯೇ ಹೇಳುತ್ತಾರೆ. 1965ರ ಯುದ್ಧದಲ್ಲಿ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದರು. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಮಗನನ್ನು ಬಿಡಿಸುವ ಮಾತಾಡಿದರು. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಇವನಿಗೆ ಬೇರೆ ಮರ್ಯಾದೆ ಬೇಡ ಎಂದು ಇವರು ಹೇಳಿ ಕಳಿಸಿದರು ಅಂತ ಕಥೆ. ಚಪ್ಪಾಳೆ ಬೀಳುತ್ತದೆ, ಬೀಳಬೇಕಾದದ್ದೇ. ಆದರೆ ಇದನ್ನು ಕೇಳಿದ ನಮ್ಮ ಮೇಲಿನವರು ಅದರಿಂದ ಕಠೋರತೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ: 'ನಾನು ಸ್ವಂತ ಮಗನನ್ನೂ ಬಿಡುವುದಿಲ್ಲ' ಅಂತ. ನನಗೆ ಅದರಲ್ಲಿ ಕಾಣುವುದು ಬೇರೆ. ಮಗನಿಗೆ ಸಿಗುವುದಾದರೆ ಎಲ್ಲರಿಗೂ ಸಿಗಲಿ ಅನ್ನುವ ಭಾಗ. ಸಾಹುಕಾರರ ಮಗ ಕುಡಿಯುವ ಫಿಲ್ಟರ್ ನೀರು ಲೈನ್‌ಮನೆಗೂ ಬಂದರೆ ಆ ಕಥೆ ಹೇಳಿದ್ದಕ್ಕೆ ಸಾರ್ಥಕ.

ನನ್ನನ್ನು ಹೆಚ್ಚು ಕಾಡುವುದು ಜನರಲ್ ತಿಮ್ಮಯ್ಯನವರ 1959. ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿದ ಮೇಲೆ ವಾಪಸ್ ತೆಗೆದುಕೊಂಡರು. ವಿಷಯ ಪತ್ರಿಕೆಗಳಿಗೆ ಹೋಗಿ, ಪಾರ್ಲಿಮೆಂಟಿನಲ್ಲಿ ಟೀಕೆ ಕೇಳಿಸಿಕೊಂಡಿದ್ದು ಅವರೇ. 1961ರವರೆಗೆ ಹುದ್ದೆಯಲ್ಲಿ ಇದ್ದರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ. ಅಲ್ಲಿ ಹೋದಾಗೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ: ವಾಪಸ್ ತೆಗೆದುಕೊಂಡದ್ದು ಸರಿಯೇ? ಬಿಟ್ಟು ಹೋಗಿದ್ದರೆ ಇನ್ನೂ ಎತ್ತರದಲ್ಲಿ ನಿಲ್ಲುತ್ತಿದ್ದರೇ? ಆ 2 ಕಿಲೋ ಕಳೆತದ ತೋಟದಿಂದ ನಾನು ಬಿಟ್ಟು ಬಂದೆ. ನನ್ನ ಜಾಗಕ್ಕೆ ಬಂದವರು ಕೇಳದೆ 2 ಕಿಲೋ ಕಳೆದರು ಅಂತ ಆಮೇಲೆ ತಿಳಿಯಿತು. ನನ್ನ ಕೈ ಶುದ್ಧವಾಯಿತು, ಕುಯ್ಯುವವರ ಚೀಲಕ್ಕೆ ಏನೂ ಆಗಲಿಲ್ಲ. ಇದ್ದು ಜಗಳ ಆಡುವುದೋ, ಎದ್ದು ಹೋಗುವುದೋ ಅನ್ನುವುದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ಎದ್ದು ಹೋದವರನ್ನೇ ನಾವು ಹೆಚ್ಚು ಹೊಗಳುತ್ತೇವೆ ಅನ್ನುವುದು ಮಾತ್ರ ಸರಿ ಅನ್ನಿಸುವುದಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅಮ್ಮನಿಗೆ ಕಾಲು ನೋವು, ತೋಟದ ವ್ಯವಹಾರ ಬೆಂಗಳೂರಿನಲ್ಲಿರುವ ಮಗನ ಕೈಗೆ ಬಂದಿದೆ. ಒಳ್ಳೆಯ ಹುಡುಗ, ಲೆಕ್ಕ ಚೆನ್ನಾಗಿ ನೋಡುತ್ತಾನೆ. ಈ ಸಲದ ಕುಯ್ಲನ್ನು ಗುತ್ತಿಗೆಗೆ ಕೊಡೋಣ ಅನ್ನುತ್ತಿದ್ದಾನೆ. ಗುತ್ತಿಗೆದಾರ ಆಳುಗಳನ್ನು ಕರೆತರುತ್ತಾನೆ, ನಾವು ಅವನಿಗೆ ಕಿಲೋ ಲೆಕ್ಕದಲ್ಲಿ ಕೊಡುತ್ತೇವೆ, ಅವನು ಅವರಿಗೆ ಏನು ಕೊಡುತ್ತಾನೋ ಅದು ಅವನ ವಿಷಯ. "ಅಂಕಲ್, ನಮಗೆ ತಲೆನೋವು ಇರಲ್ಲ" ಅಂದ. ತಲೆನೋವು ಇರುವುದಿಲ್ಲ, ನಿಜ. ಆದರೆ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿ ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕನೇ ಕೊಡಬೇಕು ಅಂತ ಬರೆದಿಟ್ಟರು. ಬರೆದವರಿಗೆ ಈ 'ಅವನ ವಿಷಯ' ಅನ್ನುವ ಮಾತು ಚೆನ್ನಾಗಿ ಗೊತ್ತಿದ್ದಿರಬೇಕು.

ಕರಾರಿನ ಕರಡಿಗೆ ನಾನು ಎರಡು ಸಾಲು ಸೇರಿಸಿದೆ. ತೂಕ ನಮ್ಮ ತಕ್ಕಡಿಯಲ್ಲಿ, ನಮ್ಮ ಜಾಗದಲ್ಲಿ ಆಗಬೇಕು. ಚೀಟಿ ನಮ್ಮದು, ಕುಯ್ದವರ ಕೈಗೇ ಕೊಡಬೇಕು. ಗುತ್ತಿಗೆದಾರ ಮಾತಾಡಲು ಬಂದಿದ್ದ. ತಕ್ಕಡಿಗೆ ಒಪ್ಪಿದ. ಚೀಟಿಗೆ ತಲೆ ಅಲ್ಲಾಡಿಸಿದ.

"ಯಾಕಪ್ಪ?" ಅಂದೆ.

"ಚೀಟಿ ಅವರ ಕೈಗೆ ಹೋದ್ರೆ ನಿಮ್ಮ ಲೆಕ್ಕ, ನನ್ನ ಲೆಕ್ಕ ಎರಡಾಗುತ್ತೆ ಸಾರ್" ಅಂದ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಅವನ ಮೇಲೆ ಕೋಪ ಕೂಡ ಬರಲಿಲ್ಲ.

ಕರಡು ಬೆಂಗಳೂರಿಗೆ ಹೋಗಿದೆ. ಎರಡನೇ ಸಾಲು ಹೊಡೆದುಹಾಕಿ ಬರುವ ಸಾಧ್ಯತೆಯೇ ಹೆಚ್ಚು, ಯಾಕೆಂದರೆ ಅದಿಲ್ಲದಿದ್ದರೆ ಕಿಲೋಗೆ ಒಂದಿಷ್ಟು ಕಡಿಮೆ ಮಾಡಿಕೊಳ್ಳುತ್ತೇನೆ ಅಂತ ಗುತ್ತಿಗೆದಾರ ಆಗಲೇ ಮಗನಿಗೆ ಫೋನ್ ಮಾಡಿ ಹೇಳಿದ್ದಾನೆ. ಹಾಗೆ ಬಂದರೆ ಅಂಕಿ ಕೂಗುವ ಹುಡುಗನನ್ನು ನಮ್ಮ ಚೆಕ್‌ರೋಲಿನಲ್ಲೇ ಉಳಿಸಿಕೊಂಡು ಎರಡೂ ಭಾಷೆಯಲ್ಲಿ ಕೂಗಿಸುತ್ತೇನೆ, ಕರಾರಿನಲ್ಲಿ ಕೂಗಬಾರದು ಅಂತ ಎಲ್ಲಿಯೂ ಇಲ್ಲ. ಗುತ್ತಿಗೆದಾರನಿಗೂ ಇದನ್ನು ಮೊದಲೇ ಹೇಳಿಟ್ಟಿದ್ದೇನೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.